ಅರಿವಿಗೆ ಒಡೆಯರಾರು?

ಹೊಸದೊಂದನ್ನು ಕಂಡುಹಿಡಿದವನಿಗೆ ‘ಇದು ನನ್ನದು’ ಎನ್ನುವ ಹಕ್ಕುಂಟೆ? ಪೇಟೆಂಟಿನ ಮೂಲಪ್ರಶ್ನೆ ಇದೇ. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರಿಟ್ಸ್ ಮ್ಯಾಖ್ಲುಪ್ ಇದನ್ನು ಶೋಧಿಸಿ ೧೯೫೮ರಲ್ಲಿ ಅಮೆರಿಕದ ಸೆನೆಟಿಗೆ ಒಂದು ವರದಿಯನ್ನು ಬರೆದುಕೊಟ್ಟರು. ಅವರ ತೀರ್ಮಾನ ವಿಚಿತ್ರವಾದುದು: ಈ ಪದ್ಧತಿ ಇಲ್ಲದಿದ್ದರೆ ಹೊಸದಾಗಿ ತರಹೇಳುವುದು ಹೊಣೆಗೇಡಿತನ, ಬಹುಕಾಲದಿಂದ ಇರುವುದನ್ನು ತೆಗೆಯಹೇಳುವುದೂ ಹೊಣೆಗೇಡಿತನವೇ. ಪಂಡಿತರಿಗೇ ಬಿಡಿಸಲಾಗದ ಈ ಗಂಟನ್ನು ನಮ್ಮ ಜಿಲ್ಲೆಯ ಮೂರು ಊರುಗಳ ಬೆಳಕಿನಲ್ಲಿ ನೋಡಬೇಕೆಂದು ನನ್ನ ಆಸೆ.

ಮೂಡಬಿದಿರೆಯ ಧವಳಾದಿ ಸಿದ್ಧಾಂತಗ್ರಂಥಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಅಷ್ಟು ಜೋಪಾನ ಮಾಡಿದ್ದರಿಂದಲೇ ಆ ಓಲೆಗಳು ಉಳಿದವೆಂಬುದನ್ನು ಮರೆಯಬಾರದು. ಆದರೆ ಅವು ವಿದ್ವಲ್ಲೋಕದ ವಿಚಾರಕ್ಕೆ ಒದಗಿದ್ದು ಪ್ರತಿಗಳು ಹೊರಬಂದು, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಿಂದ ಅಚ್ಚಾಗತೊಡಗಿದ ಮೇಲೆಯೇ. ಪೇಟೆಂಟು ಇಂಥ ಗುಟ್ಟಿಗೆ ವಿರೋಧಿ. ಶೋಧವನ್ನು ಬಿಚ್ಚಿ ಬರೆದುಕೊಡು, ಇಪ್ಪತ್ತು ವರ್ಷ ಫಲವುಣ್ಣು, ಬಳಿಕ ಎಲ್ಲರಿಗೂ ಬಿಟ್ಟುಕೊಡು ಎಂಬ ಕರಾರು ಅದು.

ಇನ್ನು ಬೆಳ್ತಂಗಡಿಯ ಕಡೆಗೆ. ಮಿತ್ತಬಾಗಿಲಿನ ಬಿ. ಕೆ. ದೇವರಾಯರು ನೂರಕ್ಕೂ ಮಿಕ್ಕ ಭತ್ತದ ತಳಿಗಳನ್ನು ಕಾಪಾಡಿದವರು. ಇವಕ್ಕೆ ಒಬ್ಬ ಶೋಧಕನನ್ನು ಎಲ್ಲಿಂದ ತರೋಣ? ಹೆಸರಿಲ್ಲದ ರೈತರು ತಲೆಮಾರುಗಳಿಂದ ಆರಿಸಿ ಆರಿಸಿ ಬಿತ್ತಿದ ಬೀಜಗಳವು. ನಾಲ್ಕು ಗದ್ದೆಗೆ ಹಂಚಿದರೇನೇ ಉಳಿಯುವಂಥವು. ೨೦೦೧ರ ಸಸ್ಯತಳಿ ಸಂರಕ್ಷಣೆಯ ಕಾಯಿದೆ ಬೀಜವನ್ನು ಉಳಿಸುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೇ ಕೊಟ್ಟದ್ದು ಉಚಿತವಾಯಿತು.

ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರದು ಬೇರೆ ಬಗೆ. ಅಡ್ಯನಡ್ಕದ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರ ಮೇಲೊಂದು ಸುರಂಗ ನೀರಿಲ್ಲದೆ ಸೋತಿತು; ಕೊನೆಗೆ ನೀರು ಕಂಡಿತು, ತೋಟ ಎದ್ದಿತು. ಸುರಂಗದ ವಿದ್ಯೆ ಈ ಸೀಮೆಯಲ್ಲಿ ಹಳೆಯದು, ಪೇಟೆಂಟಿಗೆ ಸಲ್ಲದು. ಆದರೆ ಸೋತ ಸುರಂಗಗಳಲ್ಲಿ ಸುರಿದ ಬೆವರಿಗೆ ಬೆಲೆ ಕಟ್ಟುವವರಾರು? ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು; ಅದೂ ೨೦೨೨ರಲ್ಲಿ, ಅವರ ಇಳಿವಯಸ್ಸಿನಲ್ಲಿ.

ಪೇಟೆಂಟಿನ ಪರವಾದ ಗಟ್ಟಿ ವಾದವಿರುವುದು ಇಲ್ಲಿಯೇ. ಸೋಲಿನ ಖರ್ಚು ಹೊತ್ತವನೊಬ್ಬ, ಗೆಲುವನ್ನು ನಕಲು ಮಾಡಿದವನಿನ್ನೊಬ್ಬ ಎಂದಾದರೆ ದೊಡ್ಡ ಖರ್ಚಿನ ಶೋಧಕ್ಕೆ ಯಾರೂ ಕೈ ಹಾಕರು. ಮದ್ದಿನ ವಿಷಯದಲ್ಲಂತೂ ಇದು ನಿಜ. ಹಾಗೆಂದು ಹಳೆಯ ಮದ್ದನ್ನೇ ತುಸು ಮಾರ್ಪಡಿಸಿ ಹೊಸ ಹಕ್ಕು ಕೇಳಿದರೆ? ಗುಣ ಹೆಚ್ಚಿದ್ದು ಸಿದ್ಧವಾಗದೆ ಪೇಟೆಂಟಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ೨೦೧೩ರ ನೋವಾರ್ಟಿಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ನನಗೆ ತೋರುವುದಿಷ್ಟು: ಯಾವ ಶೋಧಕನೂ ಹಿಂದಿನವರಿಂದ ಸಾಲ ಪಡೆಯದೆ ಆರಂಭಿಸುವುದಿಲ್ಲ. ಆದ್ದರಿಂದ ಅವನ ಹಕ್ಕು ಅವನು ಕೂಡಿಸಿದಷ್ಟಕ್ಕೆ, ಅದೂ ಕೆಲವು ಕಾಲಕ್ಕೆ ಮಾತ್ರ ಸಲ್ಲಬೇಕು. ಪೇಟೆಂಟು ಮುಟ್ಟಲಾರದ ಶ್ರಮಿಕನ ಋಣವನ್ನು ಸಮಾಜವೇ ತೀರಿಸಬೇಕು, ಅವನ ಕೈಕಾಲು ಗಟ್ಟಿಯಾಗಿರುವಾಗಲೇ.