ಅಪ್ರಿಯವನ್ನು ಆಲಿಸುವ ಅಭ್ಯಾಸ

ತಂತ್ರಜ್ಞಾನದ ಉದ್ಯಮದಲ್ಲಿ ಮಾರ್ಕೆಟಿಂಗ್ ವೃತ್ತಿಯನ್ನು ಕೈಗೊಳ್ಳಬಯಸುವ ತರುಣರು ಎಲ್ಲಕ್ಕಿಂತ ಮೊದಲು ವಾಗ್ಮಿತೆಯನ್ನು ಸಂಪಾದಿಸಲು ಹವಣಿಸುವರು. ಆದರೆ ಆ ವೃತ್ತಿಯಲ್ಲಿ ಕೃತಕೃತ್ಯರಾದವರ ಚರಿತ್ರೆಯನ್ನು ಓದುತ್ತ ಹೋದಂತೆಲ್ಲ, ಅವರನ್ನು ಕಾಪಾಡಿದ್ದು ನಾಲಗೆಗಿಂತ ಮಿಗಿಲಾಗಿ ಕಿವಿಯೆಂಬ ನಂಬುಗೆ ನನ್ನಲ್ಲಿ ಬಲಿಯುತ್ತ ಬಂದಿದೆ.

ಅಮೆರಿಕದ ವಿಲಿಯಂ ಡೇವಿಡೋ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವ್ಯಾಸಂಗಮಾಡಿ ಡಾಕ್ಟರೇಟ್ ಪಡೆದವರು. ಮಾರುವ ವಸ್ತುವಿನ ಒಳಮರ್ಮವನ್ನರಿತ ಮೇಲೆಯೇ ಮಾರುಕಟ್ಟೆಗಿಳಿದವರು. ಈ ಕ್ರಮವೂ ಅನುಕರಣೀಯವೇ. 1979ರ ಕೊನೆಯಲ್ಲಿ ಅವರಿದ್ದ ಇಂಟೆಲ್ ಸಂಸ್ಥೆಗೆ ಸಂಕಟವೊದಗಿತು. ಹಿಂದಿನ ವರ್ಷವಷ್ಟೇ ಅದು ಹೊರತಂದಿದ್ದ 8086 ಎಂಬ ಮೈಕ್ರೋಪ್ರೊಸೆಸರ್‌ಗಿಂತ ಪ್ರತಿಸ್ಪರ್ಧಿ ಸಂಸ್ಥೆ ಮೋಟರೋಲಾದ 68000 ಚಿಪ್ಪು ಹೆಚ್ಚು ಸೊಗಸಾದುದೆಂದು ಗ್ರಾಹಕರಲ್ಲಿ ಅನೇಕರು ಅತ್ತ ವಾಲತೊಡಗಿದ್ದರು. ಊರೂರು ಅಲೆದು ಗಿರಾಕಿಗಳ ಮುಖವನ್ನು ನಿತ್ಯವೂ ಕಾಣುತ್ತಿದ್ದ ಅಧಿಕಾರಿಯೊಬ್ಬರು ಮನನೊಂದು, ನಾವು ಸೋಲುತ್ತಿದ್ದೇವೆಂದು 8 ಪುಟಗಳ ಟೆಲೆಕ್ಸ್ ಸಂದೇಶವನ್ನೇ ಕಳುಹಿಸಿದರು.

ಅಂಥ ಪತ್ರವನ್ನು ಕಂಡೊಡನೆ ಬರೆದವನ ಸಾಮರ್ಥ್ಯವನ್ನೇ ಶಂಕಿಸುವುದು ಅಧಿಕಾರಸ್ಥರಿಗೆ ಎಷ್ಟು ಸುಲಭ! ಇಲ್ಲಿ ಹಾಗಾಗಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಹಿರಿಯರು ಒಂದೆಡೆ ಕುಳಿತು ತಮ್ಮ ಬಲಾಬಲಗಳನ್ನು ದಿನಗಟ್ಟಲೆ ತೂಗಿನೋಡಿದರು. ಹೊಣೆ ಹೊತ್ತವರು ಡೇವಿಡೋ. ಚಿಪ್ಪಿಗೆ ಚಿಪ್ಪನ್ನು ಎದುರಿಟ್ಟು ಹೊಗಳಿಕೊಳ್ಳುವುದನ್ನು ಬಿಟ್ಟು, ಜೊತೆಗೆ ಬೇಕಾಗುವ ಇತರ ಚಿಪ್ಪುಗಳು, ವಿವರಪುಸ್ತಕಗಳು, ತೊಡಕು ಬಂದಾಗ ಓಡಿಬರುವ ಎಂಜಿನಿಯರುಗಳು, ಇವೆಲ್ಲವನ್ನೂ ಕೂಡಿಸಿ ಗ್ರಾಹಕನ ಮುಂದಿಡಬೇಕೆಂದು ನಿಶ್ಚಯವಾಯಿತು. ತನ್ನ ನ್ಯೂನತೆಯನ್ನು ತನಗೆ ತಾನೇ ಮೊದಲು ಒಪ್ಪಿಕೊಂಡವನಿಗಲ್ಲದೆ ಇಂಥ ಉಪಾಯ ಹೊಳೆಯಲಾರದು. 1980 ಮುಗಿಯುವುದರೊಳಗೆ 2,000 ಗ್ರಾಹಕ ವಿನ್ಯಾಸಗಳಲ್ಲಿ ತಮ್ಮ ಚಿಪ್ಪು ನೆಲಸಬೇಕೆಂಬ ಗುರಿ ಕೇಳುವವರನ್ನು ಬೆಚ್ಚಿಸುವಂಥದು. ಆದರೆ ಭಾಗಿಸಿ ನೋಡಿದರೆ ಮಾರಾಟಗಾರನೊಬ್ಬನಿಗೆ ತಿಂಗಳಿಗೆ ಹೆಚ್ಚುಕಡಮೆ ಒಂದು ಮಾತ್ರ. ಕೈಗೆಟುಕುವ ಆ ಒಂದರ ಮೇಲೆಯೇ ದೃಷ್ಟಿಯಿಟ್ಟು ದುಡಿದವರು ವರ್ಷಾಂತ್ಯದ ವೇಳೆಗೆ ಗುರಿಯನ್ನೂ ದಾಟಿದರು.

ಹಾಗೆ ಒಲಿದ ಗ್ರಾಹಕರಲ್ಲಿ ಐಬಿಎಂ ಸಂಸ್ಥೆಯೂ ಒಂದು. 1981ರ ಆಗಸ್ಟ್‌ನಲ್ಲಿ ಪ್ರಕಟವಾದ ಅದರ ಪರ್ಸನಲ್ ಕಂಪ್ಯೂಟರಿನೊಳಗಿದ್ದುದು 8086ರ ಸೋದರನಾದ 8088. ಯಂತ್ರ ಸಿದ್ಧವಾಗುತ್ತಿದ್ದಾಗ ಐಬಿಎಂನವರು ಅದನ್ನು ಯಾರಿಗೂ ತೋರಗೊಡಲಿಲ್ಲ. ತೊಡಕು ಬಿಡಿಸಲು ಬಂದ ಇಂಟೆಲ್ಲಿನ ಎಂಜಿನಿಯರುಗಳು ಕಪ್ಪು ಪರದೆಯೊಂದರ ಈಚೆ ನಿಂತು, ಆಚೆಯಿಂದ ಬರುತ್ತಿದ್ದ ಮಾತುಗಳನ್ನಷ್ಟೇ ಆಲಿಸಿ, ತಾವು ಕಾಣದ ಯಂತ್ರದ ರೋಗವನ್ನು ಊಹಿಸಿ ಉತ್ತರ ಹೇಳಬೇಕಾಗಿತ್ತು, ಹೇಳಿದರು.