ಲಂಗರು ಹಡಗಿನೊಳಗೆ ಇಟ್ಟುಕೊಳ್ಳೋದಕ್ಕಲ್ಲ

ಯೌವನಸ್ಥರ ಆರಾಧನೆ, ದೊಡ್ಡಬಳ್ಳಾಪುರ
ವಾಕ್ಯಭಾಗ: ಇಬ್ರಿಯರಿಗೆ 6:19–20, ಅಪೊಸ್ತಲರ ಕೃತ್ಯಗಳು 27:27–44

 

ಆಂಕರ್ ಅಂದ ತಕ್ಷಣ ನಿಮಗೆ ಯಾರು ಜ್ಞಾಪಕಕ್ಕೆ ಬರ್ತಾರೆ? ಟಿವಿಯಲ್ಲಿ ಕಾರ್ಯಕ್ರಮ ನಡೆಸೋರು, ಅಲ್ವಾ? ಪರವಾಗಿಲ್ಲ, ನಗಿ. ನಮ್ಮೂರಲ್ಲಿ ನಾಗರಕೆರೆ ಇದೆ, ಸಮುದ್ರ ಇಲ್ಲ. ಹಡಗು ನೋಡಬೇಕಂದ್ರೆ ಘಟ್ಟ ಇಳಿದು ಮಂಗಳೂರಿಗೇ ಹೋಗಬೇಕು.

ನಮ್ಮ ಕನ್ನಡದ 'ಲಂಗರು' ಪಾರಸಿ ಭಾಷೆಯಿಂದ ಬಂದ ಪದ. 'ಆಂಕರ್' ಬಂದಿದ್ದು ಗ್ರೀಕಿನಿಂದ, ಅದರ ಮೂಲದಲ್ಲಿ 'ಬಾಗಿದ್ದು, ಕೊಕ್ಕೆ' ಅನ್ನೋ ಅರ್ಥ ಇದೆ. ಆನೆ ಮಾವುತನ ಕೈಯಲ್ಲಿರೋ 'ಅಂಕುಶ' ಕೂಡ ಅದೇ ಬೇರಿನ ಪದ. ಯಾಕೆ ಹೇಳ್ತಿದ್ದೀನಿ? ಲಂಗರು ಬರೀ ಭಾರದಿಂದ ಹಡಗನ್ನ ನಿಲ್ಲಿಸಲ್ಲ. ಅದರ ಕೊಕ್ಕೆ ಸಮುದ್ರದ ತಳವನ್ನ ಕಚ್ಚಿ ಹಿಡಿಯುತ್ತೆ. ಹಡಗಿನೊಳಗೇ ಬಿದ್ದಿರೋ ಲಂಗರು ಇನ್ನೊಂದು ಲಗೇಜು, ಅಷ್ಟೇ!

ಈಗ ಪೌಲನ ಹಡಗಿಗೆ ಬನ್ನಿ. ಹದಿನಾಲ್ಕನೇ ರಾತ್ರಿ. ಹಡಗಿನಲ್ಲಿ 276 ಜನ. ನಾವಿಕರು ಆಳ ಅಳೆದು ನೋಡಿದರು: 20 ಮಾರು. ಸ್ವಲ್ಪ ಮುಂದೆ ಹೋಗಿ ಅಳೆದರು: 15 ಮಾರು. ಬಂಡೆಗೆ ಬಡಿಯೋ ಭಯ. ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟು, ಯಾವಾಗ ಬೆಳಗಾಗುತ್ತೋ ಅಂತ ಕಾದರು.

ಆದ್ರೆ ಅದೇ ಕತ್ತಲಲ್ಲಿ ಇನ್ನೊಂದು ಕೆಲಸ ನಡೀತು. ನಾವಿಕರು ಮುಂಭಾಗದಲ್ಲೂ ಲಂಗರು ಬಿಡೋ ಹಾಗೆ ನಟಿಸಿ, ತಪ್ಪಿಸಿಕೊಳ್ಳೋಕೆ ಚಿಕ್ಕ ದೋಣಿ ಇಳಿಸಿದರು. ನೋಡೋರಿಗೆ ಲಂಗರು, ನಿಜವಾಗಿ ದೋಣಿ! ಪ್ರಿಯರೇ, ನಾವೂ ಹೀಗೆ ಮಾಡ್ತೀವಲ್ಲ? ಸ್ಟೇಟಸ್‌ನಲ್ಲಿ ವಾಕ್ಯ, ಒಳಗೆ ಓಡಿಹೋಗೋ ಪ್ಲಾನು.

ಒಬ್ಬ ತಮ್ಮ ನನ್ನ ಹತ್ರ ಬಂದ. ಅವನನ್ನ ಕೇಳಿಕೊಂಡೇ ಇದನ್ನ ಹೇಳ್ತಿದ್ದೀನಿ. "ಪಾಸ್ಟರ್, ಕೆಲಸ ಹೋಗಿ ನಾಲ್ಕು ತಿಂಗಳಾಯ್ತು. ಮನೇಲಿ ಹೇಳಿಲ್ಲ. ದಿನಾ ಅಮ್ಮ ಕಟ್ಟಿಕೊಟ್ಟ ಡಬ್ಬಿ ತಗೊಂಡು ಯಲಹಂಕದ ಬಸ್ಸು ಹತ್ತುತ್ತೀನಿ. ಪ್ರಾರ್ಥನೆ ಮಾಡಿದ್ರೂ ಒಳಗೆ ಏನೂ ಅನಿಸಲ್ಲ. ನನ್ನ ನಂಬಿಕೆ ಹೋಯ್ತಾ?"

ನಾನಂದೆ, "ಮಗನೇ, ಲಂಗರನ್ನ ನಿನ್ನ ಮನಸ್ಸಿನೊಳಗೆ ಹುಡುಕ್ತಾ ಇದ್ದೀಯ. ಅದು ಅಲ್ಲಿಲ್ಲ." ಇಬ್ರಿಯರ ಪತ್ರಿಕೆ ಏನು ಹೇಳುತ್ತೆ? ನಮ್ಮ ನಿರೀಕ್ಷೆ ತೆರೆಯ ಒಳಗೆ, ಯೇಸು ನಮಗಿಂತ ಮುಂಚೆ ಹೋಗಿರೋ ಆ ಪರಿಶುದ್ಧ ಸ್ಥಳಕ್ಕೆ ಹೋಗಿ ಹಿಡ್ಕೊಂಡಿದೆ. ಹಡಗಿನ ಲಂಗರು ಕೆಳಗೆ ಹೋಗುತ್ತೆ, ನಮ್ಮದು ಮೇಲಕ್ಕೆ! ಎರಡೂ ಕಣ್ಣಿಗೆ ಕಾಣಲ್ಲ. ಹಡಗು ಅಲ್ಲಾಡ್ತಿದೆ ಅಂದ ಮಾತ್ರಕ್ಕೆ ಲಂಗರು ಕಿತ್ತುಬಂತು ಅಂತ ಅಲ್ಲ. ಆಮೆನ್?

ಇನ್ನೊಂದು ಪದ, 'ಮಾರು'. ಹೂವಿನವರು ಎರಡು ಕೈ ಅಗಲಿಸಿ ದಾರ ಹಿಡೀತಾರಲ್ಲ, ಅದೇ ಅಳತೆ. ಪೌಲನ ಕಾಲದ ಗ್ರೀಕ್ ಪದಕ್ಕೂ ಕೈ ಚಾಚೋದು ಅಂತಲೇ ಅರ್ಥ. ಸಮುದ್ರದ ಆಳವನ್ನ ಚಾಚಿದ ಕೈಗಳಿಂದ ಅಳೆದರು. ಶಿಲುಬೆಯ ಮೇಲೆ ಎರಡು ಕೈ ಚಾಚಿದವನು ನಿನ್ನ ಆಳವನ್ನ ಅಳೆದಿದ್ದಾನೆ, ತಮ್ಮಾ. ನಿನ್ನ ಸಾಲ, ನಿನ್ನ ಸುಳ್ಳು, ನೀನು ಯಾರಿಗೂ ಹೇಳದೆ ಇಟ್ಟುಕೊಂಡಿರೋ ಭಯ, ಯಾವುದೂ ಆ ಕೈಗೆ ಎಟುಕದಷ್ಟು ಆಳ ಅಲ್ಲ. ಸ್ತೋತ್ರ!

ಪೌಲನ ಹಡಗು ಉಳೀತಾ? ಇಲ್ಲ. ಬೆಳಗ್ಗೆ ಲಂಗರುಗಳನ್ನ ಕಡಿದು ಸಮುದ್ರಕ್ಕೆ ಬಿಟ್ಟರು, ಚುಕ್ಕಾಣಿಯ ಕಟ್ಟು ಬಿಚ್ಚಿದರು, ಹಾಯಿ ಎತ್ತಿದರು. ಹಡಗು ನೆಲಕ್ಕೆ ಬಡಿದು ಒಡೆದೇ ಹೋಯ್ತು. ಆದ್ರೆ ದೇವರು ಹೇಳಿದ ಹಾಗೆ 276 ಜನರೂ ಮಾಲ್ಟಾ ದ್ವೀಪದ ದಡ ಸೇರಿದರು. ಕೆಲವರು ಈಜಿ, ಕೆಲವರು ಹಲಗೆ ಹಿಡಿದು. ಕೆಲಸ ಒಂದು ಹಡಗು. ಹೆಸರು ಒಂದು ಹಡಗು. ಅದು ಒಡೆಯಬಹುದು. ಕರ್ತನ ಮಾತು ಒಡೆಯಲ್ಲ.

ಆ ತಮ್ಮ ಅವತ್ತು ರಾತ್ರಿ ಅಮ್ಮನಿಗೆ ನಿಜ ಹೇಳಿದ. ಅಮ್ಮ ಅತ್ತರು, ಆಮೇಲೆ ಊಟ ಬಡಿಸಿದರು. ಕೆಲಸ ಇನ್ನೂ ಸಿಕ್ಕಿಲ್ಲ. ಆದ್ರೆ ದೋಣಿಯ ಹಗ್ಗ ಕಡಿದಾಯ್ತು, ನಟನೆ ಮುಗೀತು.

ನಿನ್ನ ದೋಣಿ ಯಾವುದು? ಇವತ್ತು ಮನೆಗೆ ಹೋಗೋ ಮುಂಚೆ ಒಬ್ಬರಿಗಾದ್ರೂ ನಿಜ ಹೇಳು. ಕಣ್ಣು ಮುಚ್ಚೋಣ.

ಕರ್ತನೇ, ನಮ್ಮ ಹಿಡಿತ ಸಡಿಲ ಆದಾಗಲೂ ನಿನ್ನ ಹಿಡಿತ ಸಡಿಲವಾಗೋದಿಲ್ಲ. ನಟಿಸಿ ದಣಿದಿರೋ ಈ ಮಕ್ಕಳನ್ನ ಬೆಳಗಾಗೋ ತನಕ ಹಿಡಿದುಕೋ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.