ಜನ್ಮದಿನದ ಔತಣ: ಯಾರ ಖರ್ಚು, ಯಾರ ಸಂತೋಷ?

ಆಯುಷ್ಯದ ಒಂದು ವರ್ಷ ಕಳೆಯಿತೆಂದರೆ ಅಲ್ಲಾಹನು ಮನುಷ್ಯನಿಗೆ ಕೊಟ್ಟ ಬಂಡವಾಳದ ಒಂದು ಭಾಗ ಮುಗಿಯಿತೆಂದೇ ಅರ್ಥ. ಅದು ನಿಂತು ಲೆಕ್ಕ ನೋಡಿಕೊಳ್ಳಬೇಕಾದ ದಿನ. ಆದರೆ ನಮ್ಮ ಯುವಕರಲ್ಲಿ ಅನೇಕರು ಆ ದಿನ ನೋಡುವ ಲೆಕ್ಕ ಹೋಟೆಲಿನ ಬಿಲ್ಲಿನದ್ದು ಮಾತ್ರ.

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ ತಾಲೂಕಿನ ನೀಲಗುಂದದಂತಹ ಊರುಗಳಿಂದ ಮಕ್ಕಳು ಓದಿಗಾಗಿ, ದುಡಿಮೆಗಾಗಿ ದಾವಣಗೆರೆ, ಬೆಂಗಳೂರುಗಳಿಗೆ ಹೋಗುತ್ತಾರೆ. ಅಲ್ಲಿ ಜೊತೆಗಾರನ ಜನ್ಮದಿನ ಬಂದರೆ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಹೆಸರಾದ ಒಂದು ರೆಸ್ಟೋರೆಂಟಿನಲ್ಲಿ ರಾತ್ರಿಯ ಊಟ ಏರ್ಪಡುತ್ತದೆ. ಮಂದ ಬೆಳಕು, ಕೇಕು, ಸಾಲು ಸಾಲು ಫೋಟೋ. ಕೊನೆಗೆ ಬಿಲ್ಲು.

ಇದು ಧರ್ಮಸಮ್ಮತವೇ ಎಂದು ಕೇಳುವವರಿದ್ದಾರೆ. ಪ್ರವಾದಿ ಮುಹಮ್ಮದ್(ಸ) ನಮಗೆ ಕಲಿಸಿದ ಹಬ್ಬಗಳು ಎರಡು ಈದ್‌ಗಳು ಮಾತ್ರ. ಜನ್ಮದಿನದ ಆಚರಣೆಯನ್ನು ಅನೇಕ ವಿದ್ವಾಂಸರು ವಿರೋಧಿಸಿದ್ದಾರೆ. ಅದಕ್ಕೆ ಧಾರ್ಮಿಕ ಬಣ್ಣ ಕೊಡದೆ ಗೆಳೆಯರೊಡನೆ ಉಣ್ಣುವುದಕ್ಕೆ ಅಡ್ಡಿಯಿಲ್ಲ ಎಂದವರೂ ಇದ್ದಾರೆ. ಆ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಆದರೆ ಯಾವ ಊಟಕ್ಕೂ ಅನ್ವಯಿಸುವ, ಯಾರಿಗೂ ಭಿನ್ನಾಭಿಪ್ರಾಯವಿಲ್ಲದ ಕೆಲವು ನಿಯಮಗಳಿವೆ. ಅವುಗಳನ್ನು ಈ ಮೇಜಿನ ಮುಂದಿಟ್ಟು ನೋಡಿ.

ಮೊದಲನೆಯದು ಹಣ. 'ಪಾರ್ಟಿ ಕೊಡಿಸು' ಎಂದು ಎಲ್ಲರೂ ಸೇರಿ ಒಬ್ಬನನ್ನು ಪೀಡಿಸುತ್ತಾರೆ; ಇಲ್ಲವೇ ಬಿಲ್ಲನ್ನು ಸಮನಾಗಿ ಹಂಚುತ್ತಾರೆ. ಜೇಬಿನಲ್ಲಿ ಹಣವಿಲ್ಲದವನು ಇಲ್ಲವೆನ್ನಲು ನಾಚುತ್ತಾನೆ. ಒಬ್ಬನ ಸಂಪತ್ತು ಅವನ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬನಿಗೆ ಸಮ್ಮತವಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಾಚಿಕೆಯಿಂದ ಕೊಟ್ಟ ಹಣದಲ್ಲಿ ಆ ಒಪ್ಪಿಗೆ ಎಲ್ಲಿದೆ? 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಒಬ್ಬನ ಪಾಲಿಗೆ 1,850 ರೂಪಾಯಿ ಬಂದರೆ ಅದು ಊರಿನಲ್ಲಿ ಕೂಲಿ ಮಾಡುವ ತಂದೆಯ ಐದು ದಿನಗಳ ಬೆವರು.

ಆ ಹುಡುಗ ಸಾಲ ಮಾಡುತ್ತಾನೆ, ಇಲ್ಲವೇ ಪುಸ್ತಕಕ್ಕೆಂದು ಸುಳ್ಳು ಹೇಳಿ ಮನೆಯಿಂದ ತರಿಸುತ್ತಾನೆ. ಪ್ರವಾದಿ(ಸ) ತಮ್ಮ ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಕಾರಣ ಕೇಳಿದಾಗ, ಸಾಲಗಾರನಾದವನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬರ್ಥದ ಉತ್ತರ ಕೊಟ್ಟರು (ಬುಖಾರಿ). ಆದ್ದರಿಂದ ಕರೆಯುವವರೇ, ನಿಮ್ಮ ಶಕ್ತಿಗೆ ತಕ್ಕಷ್ಟೇ ಕರೆಯಿರಿ ಮತ್ತು ಕರೆದ ಮೇಲೆ ನೀವೇ ಕೊಡಿ. ಕರೆಸಿಕೊಂಡವರೇ, ಆಗದಿದ್ದರೆ ಆಗದು ಎನ್ನಿ. ಬಡತನ ಅವಮಾನವಲ್ಲ, ಸುಳ್ಳು ಅವಮಾನ.

ಎರಡನೆಯದು ಮೇಜು. ನೀವು ಕುಡಿಯದಿದ್ದರೂ ಮದ್ಯ ಹಂಚುವ ಮೇಜಿನ ಮುಂದೆ ಕೂರಬಾರದೆಂದು ಹದೀಸ್ ಎಚ್ಚರಿಸುತ್ತದೆ. ಸ್ಥಳ ಆರಿಸುವಾಗಲೇ ಇದನ್ನು ಮೆಲುದನಿಯಲ್ಲಿ ಗೆಳೆಯರಿಗೆ ತಿಳಿಸಿ. ಒಳ್ಳೆಯ ಗೆಳೆಯನು ಅರ್ಥ ಮಾಡಿಕೊಳ್ಳುತ್ತಾನೆ.

ಮೂರನೆಯದು ತಟ್ಟೆ. ಉಣ್ಣಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರೆಂಬುದು ಕುರ್‌ಆನಿನ ಆದೇಶ (7: 31). ವಿಶ್ವಸಂಸ್ಥೆಯ ಪರಿಸರ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಟೆಲು, ಕ್ಯಾಂಟೀನುಗಳಂತಹ ಕಡೆ. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ. ಫೋಟೋಗೆಂದು ತರಿಸಿ ಅರ್ಧ ಬಿಟ್ಟೇಳುವ ತಟ್ಟೆ ಈ ಲೆಕ್ಕದಲ್ಲಿ ಸೇರಿದೆ. ಕೆಳಗೆ ಬಿದ್ದ ತುತ್ತನ್ನೂ ಒರೆಸಿ ತಿನ್ನಲು ಕಲಿಸಿದ ಪ್ರವಾದಿಯ(ಸ) ಸಮುದಾಯ ನಾವು.

ನಾಲ್ಕನೆಯದು ಬಡಿಸುವವನು. ಸೇವಕನು ಊಟ ತಂದಾಗ ಅವನನ್ನು ಜೊತೆಗೆ ಕೂರಿಸಲಾಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಬೇಕೆಂದು ಪ್ರವಾದಿ(ಸ) ಬೋಧಿಸಿದರು. ಅಡುಗೆಯ ಬಿಸಿ, ಶ್ರಮ ಅವನದು ಎಂಬುದೇ ಕಾರಣ (ಬುಖಾರಿ). ಆ ಹುಡುಗನೂ ಯಾವುದೋ ಊರಿನಿಂದ ದುಡಿಯಲು ಬಂದವನು. ಚಿಟಿಕೆ ಹೊಡೆದು ಕರೆಯಬೇಡಿ, ಗದರಬೇಡಿ. ಹಿಡಿಸದ ಊಟವನ್ನು ಪ್ರವಾದಿ(ಸ) ಸುಮ್ಮನೆ ಬಿಡುತ್ತಿದ್ದರೇ ಹೊರತು ಎಂದೂ ಹಳಿಯಲಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನೀವು ಹುಟ್ಟಿದ ದಿನ ಹೆತ್ತವಳು ಯಾರು? ತಾಯಿಯು ಬಳಲಿಕೆಯ ಮೇಲೆ ಬಳಲಿಕೆ ಸಹಿಸಿ ಹೊತ್ತಳು, ಎರಡು ವರ್ಷ ಹಾಲುಣಿಸಿದಳು ಎಂದು ನೆನಪಿಸಿ, ನನಗೂ ನಿನ್ನ ಹೆತ್ತವರಿಗೂ ಕೃತಜ್ಞನಾಗು ಎಂದು ಅಲ್ಲಾಹನು ಆಜ್ಞಾಪಿಸುತ್ತಾನೆ (31: 14). ಆ ದಿನ ನೋವುಂಡವಳು ಅವಳು. ಆದರೆ ಔತಣದ ಪಟ್ಟಿಯಲ್ಲಿ ಇಪ್ಪತ್ತು ಹೆಸರುಗಳಿದ್ದರೂ ಅವಳ ಹೆಸರಿಲ್ಲ. ಮಗ ಬೆಂಗಳೂರಿನಲ್ಲಿ ಕೇಕು ಕೊಯ್ಯುವ ಹೊತ್ತಿಗೆ ಅವಳು ಊರಿನಲ್ಲಿ ರೊಟ್ಟಿ ಬಡಿದಿಟ್ಟು ಅವನ ಫೋನಿಗಾಗಿ ಕಾದಿರುತ್ತಾಳೆ. ಗೆಳೆಯರಿಗೆ ಮೂರು ತಾಸು ಕೊಟ್ಟವನಿಗೆ 'ಅವ್ವಾ, ಉಂಡ್ಯಾ?' ಎಂದು ಕೇಳಲು ಮೂರು ನಿಮಿಷವಿಲ್ಲವೇ?

ಪ್ರವಾದಿಯವರು(ಸ) ಸೋಮವಾರಗಳಂದು ಉಪವಾಸವಿರುತ್ತಿದ್ದರು. ಕಾರಣ ಕೇಳಿದಾಗ, ಅದು ತಾವು ಹುಟ್ಟಿದ ದಿನ, ದಿವ್ಯಸಂದೇಶ ಇಳಿದ ದಿನ ಎಂದು ತಿಳಿಸಿದರು (ಮುಸ್ಲಿಮ್). ಹುಟ್ಟಿದ ದಿನದ ಅತ್ಯುತ್ತಮ ನೆನಪು ಕೃತಜ್ಞತೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಮಾದರಿ ಬೇಕೆ?

ತಾಯ್ತಂದೆಗಳೇ, ಮಕ್ಕಳನ್ನು ಬರೀ ಬೈದು ಪ್ರಯೋಜನವಿಲ್ಲ. ನಾವು ಮದುವೆ ಮನೆಗಳಲ್ಲಿ ಅನ್ನ ಚೆಲ್ಲುತ್ತಾ, ಸಾಲ ಮಾಡಿ ಮೆರೆಯುತ್ತಾ ಇದ್ದರೆ ಅವರು ನಮ್ಮಿಂದಲೇ ಕಲಿಯುತ್ತಾರೆ. ಸಾರಿಗೆ ಸ್ವಲ್ಪ ನೀರು ಹೆಚ್ಚಾಗಿ ಹಾಕಿ ನೆರೆಯವರಿಗೂ ಕೊಡಿರೆಂದ ಪ್ರವಾದಿಯ(ಸ) ಮಾತು ನಮ್ಮ ಅಡುಗೆಮನೆಯಲ್ಲಿ ನಡೆಯಲಿ. ಸಿರಿವಂತರನ್ನು ಕರೆದು ಬಡವರನ್ನು ಬಿಟ್ಟ ಔತಣದ ಊಟ ಕೆಟ್ಟ ಊಟವೆಂಬ ಎಚ್ಚರಿಕೆಯೂ ನೆನಪಿರಲಿ.

ಅಲ್ಲಾಹನು ನಮ್ಮ ಆಯುಷ್ಯದಲ್ಲಿ ಬರ್ಕತ್ತನ್ನೂ, ಉಂಡ ಅನ್ನಕ್ಕೆ ಕೃತಜ್ಞತೆ ಸಲ್ಲಿಸುವ ಮನಸ್ಸನ್ನೂ, ಹೆತ್ತವರ ಸೇವೆಯ ಭಾಗ್ಯವನ್ನೂ ಕರುಣಿಸಲಿ. ಆಮೀನ್.